ಕಸುಬಿನ ಬಳುವಳಿ: ಜಮೀಲ್ ಬಹುಮಾನವನ್ನು ಕುರಿತು



2024ರ ನವೆಂಬರ್ ಕೊನೆಯಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಒಂದು ಬಹುಮಾನವನ್ನು ಘೋಷಿಸಿತು. ಅದರ ಹೆಸರು ಜಮೀಲ್ ಪ್ರೈಜ್, ಮೊತ್ತ 25,000 ಪೌಂಡ್. ಮುನ್ನೂರಕ್ಕೂ ಹೆಚ್ಚು ಅರ್ಜಿ ಬಂದಿದ್ದವು, ಕೊನೆಯ ಸುತ್ತಿಗೆ ಉಳಿದದ್ದು ಏಳು. ಗೆದ್ದವರು ಪಶ್ಚಿಮ ಬಂಗಾಳದ ಖಂದಕಾರ್ ಓಹಿದಾ. ಅವರ ಕೃತಿ ಒಂದು ಚಲನಚಿತ್ರ, ‘ಡ್ರೀಮ್ ಯುವರ್ ಮ್ಯೂಸಿಯಂ’. 2009ರಲ್ಲಿ ಶುರುವಾದ ಈ ಬಹುಮಾನ ಭಾರತದವರಿಗೆ ಸಂದದ್ದು ಅದೇ ಮೊದಲು. ಕನ್ನಡದಲ್ಲಿ ಇದರ ಬಗ್ಗೆ ಹೆಚ್ಚು ಮಾತು ನಾನು ಕೇಳಲಿಲ್ಲ. ಈ ದತ್ತಿ ಉಪನ್ಯಾಸಕ್ಕೆ ಇದನ್ನೇ ಆರಿಸಿಕೊಳ್ಳಲು ಅದೂ ಒಂದು ಕಾರಣ.

ಏನು ಮಾತಾಡುತ್ತೀರಿ ಎಂದು ಕೇಳಿದವರಿಗೆ ಈ ವಿಷಯ ಹೇಳಿದಾಗ ಹೆಚ್ಚಿನವರು ಹಿಂತಿರುಗಿ ಕೇಳಿದ್ದು ಒಂದೇ ಪ್ರಶ್ನೆ: “ಮುಸ್ಲಿಂ ಕಲಾವಿದರಿಗೆ ಅಂತ ಬೇರೆ ಬಹುಮಾನ ಯಾಕೆ?” ಕೆಲವರ ದನಿಯಲ್ಲಿ ಅನುಮಾನವಿತ್ತು. ಕಲಬುರಗಿ ಕಡೆಯ ಒಬ್ಬ ಹುಡುಗ, ಚಿತ್ರಕಲೆ ಓದುತ್ತಿರುವವನು, ಇದೇ ಪ್ರಶ್ನೆಯನ್ನು ಬೇರೆ ಮನಸ್ಸಿನಿಂದ ಕೇಳಿದ. “ನಾ ಮಾಡೋದು ಲ್ಯಾಂಡ್‌ಸ್ಕೇಪ್ ರೀ ಸರ್. ನನ್ನ ಹೆಸರ ಕೇಳಿದ ಕೂಡ್ಲೇ ‘ಕ್ಯಾಲಿಗ್ರಫಿ ಮಾಡ್ತಿ ಏನು’ ಅಂತಾರ್ರಿ” ಎಂದ. ಅವನ ಮಾತಿನಲ್ಲಿ ಇದ್ದದ್ದು ದಣಿವು. ಅನುಮಾನಿಸಿದವರಿಗೂ ಈ ಹುಡುಗನಿಗೂ ಉತ್ತರ ಹೇಳಬೇಕು, ಮತ್ತು ಇಬ್ಬರಿಗೂ ಒಂದೇ ಉತ್ತರ ಸಾಕಾಗುತ್ತದೆ ಎಂದು ನಾನು ನಂಬಿದ್ದೇನೆ.

ಜಮೀಲ್ ಬಹುಮಾನವನ್ನು ಮುಸ್ಲಿಮರಿಗೆಂದು ಇಟ್ಟದ್ದಲ್ಲ. ಇಸ್ಲಾಮೀ ಜಗತ್ತಿನ ಕಲೆ, ಕಸುಬು, ವಿನ್ಯಾಸ, ಚಿಂತನೆಗಳಿಂದ ಈ ಕೃತಿ ಏನನ್ನು ಪಡೆದಿದೆ, ಪಡೆದದ್ದನ್ನು ಈ ಕಾಲಕ್ಕೆ ಹೇಗೆ ತಂದಿದೆ ಎಂಬುದಷ್ಟೇ ಅಲ್ಲಿನ ಪರೀಕ್ಷೆ. ಮಾಡಿದವರ ಹುಟ್ಟು, ನಂಬಿಕೆ, ಪಾಸ್‌ಪೋರ್ಟು ಲೆಕ್ಕಕ್ಕೆ ಬರುವುದಿಲ್ಲ. 2009ರ ಮೊದಲ ಪಟ್ಟಿಯಲ್ಲೇ ಇಸ್ತಾಂಬುಲ್‌ನ ಅರ್ಮೇನಿಯನ್ ಆಭರಣಕಾರ ಸೇವಾನ್ ಬಿಚಾಕ್ಚಿ ಇದ್ದರು. ಉಂಗುರದ ಹರಳನ್ನು ಹಿಂಬದಿಯಿಂದ ಕೊರೆದು, ಮೇಲಿನಿಂದ ನೋಡಿದಾಗ ಹರಳಿನ ಒಳಗೆ ಆ ನಗರದ ಗುಮ್ಮಟಗಳು ನಿಂತಂತೆ ಕಾಣಿಸುವುದು ಅವರ ಕೈಚಳಕ. 2013ರ ಪಟ್ಟಿಯಲ್ಲಿ ದೆಹಲಿಯ ರಾಹುಲ್ ಜೈನ್ ಇದ್ದರು. ಜಕಾರ್ಡ್ ಯಂತ್ರ ಬರುವ ಮುಂಚಿನ ಮಗ್ಗವನ್ನು, ಒಬ್ಬ ನೇಯ್ದು ಇನ್ನೊಬ್ಬ ಮೇಲಿನಿಂದ ದಾರ ಎಳೆದು ನಡೆಸುವ ಆ ಮಗ್ಗವನ್ನು, ಅವರು ವಾರಾಣಸಿಯಲ್ಲಿ ಮತ್ತೆ ಹೂಡಿ ರೇಷ್ಮೆ, ಜರಿಗಳಲ್ಲಿ ಮೊಗಲರ ಕಾಲದ ಹದದ ಬಟ್ಟೆ ನೇಯಿಸಿದವರು. ಅದೇ ವರ್ಷ ಫ್ರಾನ್ಸಿನ ಲಾರಾಂ ಮಾರೆಶಾಲ್ ನೆಲದ ಮೇಲೆ ಅರಿಸಿನ, ಶುಂಠಿ, ಸುಮಾಕ್ ಮುಂತಾದ ಮಸಾಲೆ ಪುಡಿಗಳಿಂದ ಹಳೆಯ ಮನೆಗಳ ಹೆಂಚುಹಾಸನ್ನು ಬರೆದರು. ರಂಗೋಲಿ ಬಲ್ಲ ನಮಗೆ ಅದರ ಕಷ್ಟ, ಅದರ ಅಲ್ಪಾಯುಷ್ಯ ಎರಡೂ ಗೊತ್ತು. 2021ರಲ್ಲಿ ಕೋಲ್ಕತ್ತದ ಉಡುಪು ವಿನ್ಯಾಸಕ ಕಲ್ಲೋಲ್ ದತ್ತ ಕೊನೆಯ ಸುತ್ತಿನಲ್ಲಿದ್ದರು.

ಒಂದು ಪರಂಪರೆಯನ್ನು ಅದರಲ್ಲಿ ಹುಟ್ಟಿದವರು ಮಾತ್ರವಲ್ಲ, ಅದರ ಮುಂದೆ ಕೂತು ಕಲಿತವರೂ ಬಳುವಳಿಯಾಗಿ ಪಡೆಯುತ್ತಾರೆ ಎಂಬುದು ಧಾರವಾಡ ಸೀಮೆಯವರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಅಬ್ದುಲ್ ಕರೀಂ ಖಾನರ ಕಿರಾಣಾ ಗಾಯಕಿ ಕುಂದಗೋಳದ ಸವಾಯಿ ಗಂಧರ್ವರಿಗೆ ಬಂತು, ಅವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ಬಂತು. ಆ ಗಾಯಕಿ ಯಾವ ಧರ್ಮದ್ದು ಎಂದು ಕಛೇರಿಯಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದು ಸ್ವರ ಹಚ್ಚುವ ರೀತಿಯನ್ನು. ಸಂಗೀತದಲ್ಲಿ ಇಷ್ಟು ಸಲೀಸಾಗಿ ಒಪ್ಪುವುದನ್ನು ಚಿತ್ರ, ನೇಯ್ಗೆ, ಲೋಹದ ಕೆಲಸಗಳಲ್ಲಿ ಒಪ್ಪಲು ನಾವು ಏಕೋ ಹಿಂಜರಿಯುತ್ತೇವೆ.

ಈ ಬಹುಮಾನ ಆ ಮ್ಯೂಸಿಯಂನಲ್ಲೇ ಏಕೆ ಹುಟ್ಟಿತು ಎಂಬುದಕ್ಕೆ ಒಂದು ಇತಿಹಾಸವಿದೆ. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾಪ್ರದರ್ಶನದ ಬೆನ್ನಿಗೇ, 1852ರಲ್ಲಿ, ಈ ಮ್ಯೂಸಿಯಂ ಶುರುವಾಯಿತು. ಯಂತ್ರಗಳಿಂದ ಸರಕು ರಾಶಿರಾಶಿಯಾಗಿ ತಯಾರಾಗುತ್ತಿದ್ದ ಕಾಲ ಅದು. ಸರಕು ಹೆಚ್ಚಿತು, ಅಂದ ಕೆಟ್ಟಿತು ಎಂಬ ಕೊರಗು ಅಲ್ಲಿನ ತಿಳಿದವರಲ್ಲಿತ್ತು. ಭಾರತ, ಇರಾನ್, ತುರ್ಕಿಗಳಿಂದ ಬಂದ ಬಟ್ಟೆ, ಹೆಂಚು, ಪಾತ್ರೆಗಳನ್ನು ನೋಡಿ ಅವರು ಬೆರಗಾದರು. ಸ್ಪೇನಿನ ಅಲ್‌ಹಂಬ್ರಾ ಅರಮನೆಯನ್ನು ಅಳೆದು ಅಭ್ಯಾಸ ಮಾಡಿದ್ದ ಓವೆನ್ ಜೋನ್ಸ್ 1856ರಲ್ಲಿ ‘ದಿ ಗ್ರಾಮರ್ ಆಫ್ ಆರ್ನಮೆಂಟ್’ ಎಂಬ ಅಲಂಕಾರ ವಿನ್ಯಾಸದ ಪುಸ್ತಕವನ್ನು ಪ್ರಕಟಿಸಿದ. ಅಂದರೆ ಆ ಮ್ಯೂಸಿಯಂ ಇಸ್ಲಾಮೀ ಜಗತ್ತಿನ ವಸ್ತುಗಳನ್ನು ಕೂಡಿಸಲು ಹೊರಟದ್ದು ತನ್ನ ದೇಶದ ಕಾರ್ಖಾನೆಗಳ ವಿನ್ಯಾಸಕಾರರು ನೋಡಿ ಕಲಿಯಲಿ ಎಂದು. ಸಾಮ್ರಾಜ್ಯದ ಬಲದಿಂದ ಕೂಡಿಸಿದ್ದು ಎಂಬುದನ್ನು ಮರೆಯುವಂತಿಲ್ಲ. ಆದರೆ ಹಳೆಯದರಿಂದ ಇವತ್ತು ಏನು ಮಾಡಬಹುದು ಎಂಬ ಜಮೀಲ್ ಬಹುಮಾನದ ಪ್ರಶ್ನೆ ಆ ಕಟ್ಟಡದಲ್ಲಿ ಒಂದೂವರೆ ಶತಮಾನದಿಂದ ಇದ್ದದ್ದೇ.

ಅಲ್ಲಿನ ಜಮೀಲ್ ಗ್ಯಾಲರಿ 2006ರಲ್ಲಿ ತೆರೆಯಿತು. ಅದರ ನಟ್ಟನಡುವೆ ಗಾಜಿನ ಆವರಣದೊಳಗೆ ಒಂದು ರತ್ನಗಂಬಳಿ ಹಾಸಿದೆ. ಇರಾನಿನ ಅರ್ದಬೀಲ್ ಎಂಬ ಊರಿನಲ್ಲಿ ಶೇಖ್ ಸಫಿಯುದ್ದೀನರ ದರ್ಗಾ ಇದೆ. ಅಲ್ಲಿಗೆಂದು ನೇಯ್ದದ್ದು. ಸುಮಾರು 10.5 ಮೀಟರ್ ಉದ್ದ, 5 ಮೀಟರಿಗೂ ಮಿಕ್ಕಿ ಅಗಲ. ಬಣ್ಣ ಮಾಸದಿರಲೆಂದು ಪ್ರತಿ ಅರ್ಧ ಗಂಟೆಗೊಮ್ಮೆ ಹತ್ತು ನಿಮಿಷ ಮಾತ್ರ ಪೂರ್ತಿ ದೀಪ ಹಾಕುತ್ತಾರೆ. ಕಂಬಳಿಯ ಅಂಚಿನಲ್ಲಿ ಹಿಜರಿ 946 ಎಂದು ಇಸವಿ ನೇಯ್ದಿದೆ. ನಮ್ಮ ಲೆಕ್ಕದಲ್ಲಿ 1539–40. ಜೊತೆಗೆ ಕಾಶಾನಿನ ಮಕ್ಸೂದ್ ಎಂಬ ಹೆಸರೂ ಇದೆ. ಅವನು ತನ್ನನ್ನು ಆ ಹೊಸ್ತಿಲಿನ ಸೇವಕ ಎಂದು ಕರೆದುಕೊಂಡಿದ್ದಾನೆ. ಇದಕ್ಕೊಂದು ಜೋಡಿ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಎರಡೂ ವ್ಯಾಪಾರಿಗಳ ಕೈಸೇರಿದಾಗ ಒಂದನ್ನು ಕತ್ತರಿಸಿ ಇನ್ನೊಂದರ ಸವೆದ ಭಾಗಗಳಿಗೆ ತೇಪೆ ಹಾಕಿದರು. ಪೂರ್ತಿಯಾದದ್ದನ್ನು 1893ರಲ್ಲಿ ಮ್ಯೂಸಿಯಂ 2,000 ಪೌಂಡಿಗೆ ಕೊಂಡಿತು. ಕೊಳ್ಳಲೇಬೇಕೆಂದು ಸಲಹೆ ಕೊಟ್ಟವನು ವಿನ್ಯಾಸಕಾರ ವಿಲಿಯಂ ಮಾರಿಸ್. ಕತ್ತರಿಸಿ ಉಳಿದದ್ದು ಈಗ ಲಾಸ್ ಏಂಜಲಿಸ್‌ನಲ್ಲಿದೆ. ಪರಂಪರೆಯೊಂದು ಮ್ಯೂಸಿಯಂ ಸೇರುವಾಗ ಏನೇನು ಕಳೆದುಕೊಳ್ಳುತ್ತದೆ ಎಂಬುದಕ್ಕೆ ಇಷ್ಟು ಕಣ್ಣಿಗೆ ಕಟ್ಟುವ ಸಾಕ್ಷಿ ಬೇರೆ ನನಗೆ ಗೊತ್ತಿಲ್ಲ.

ಈ ಕಂಬಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲ ಬಹುಮಾನ ಗೆದ್ದ ಕೃತಿಯ ಹತ್ತಿರ ಹೋಗೋಣ. ಅಫ್ರೂಜ್ ಅಮೀಘಿ ಇರಾನಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬೆಳೆದವರು. ಅವರ ‘1001 ಪೇಜಸ್’ ದೂರದಿಂದ ಗೋಡೆಗೆ ತೂಗುಹಾಕಿದ ಬಲು ನವಿರಾದ ಕಂಬಳಿಯಂತೆ, ಒಂದು ಬಾಗಿಲಿನಂತೆ ಕಾಣುತ್ತದೆ. ಹತ್ತಿರ ಹೋದರೆ ಅದು ಪ್ಲಾಸ್ಟಿಕ್. ನಿರಾಶ್ರಿತರ ಡೇರೆಗಳಿಗೆ ಬಳಸುವ, ಹೆಣೆದ ಪಾಲಿಎಥಿಲೀನ್ ಹಾಳೆ. ಕಾದ ಮೊನೆಯ ಉಪಕರಣದಿಂದ ಅದರಲ್ಲಿ ಎಲೆ, ಬಳ್ಳಿ, ಕಮಾನುಗಳನ್ನು ಒಂದೊಂದಾಗಿ ಸುಟ್ಟು ಕೊರೆದಿದ್ದಾರೆ. ಕತ್ತರಿಯಿಂದ ಕತ್ತರಿಸಿದರೆ ಅಂಚು ಬಿಚ್ಚಿಕೊಳ್ಳುತ್ತದೆ, ಸುಟ್ಟರೆ ಕರಗಿ ಗಟ್ಟಿಯಾಗುತ್ತದೆ. ಮುಂದಿನಿಂದ ಬೆಳಕು ಬಿಟ್ಟಾಗ ವಿನ್ಯಾಸ ಗೋಡೆಯ ಮೇಲೆ ನೆರಳಾಗಿ ಬೀಳುತ್ತದೆ. ಹಾಳೆಗಿಂತ ನೆರಳೇ ದಟ್ಟ. ದರ್ಗಾದ ನೆಲಕ್ಕೆ ಹಾಸುತ್ತಿದ್ದ ಹೂಬಳ್ಳಿ ಇಲ್ಲಿ ಮನೆ ಕಳೆದುಕೊಂಡವರ ತಲೆಯ ಮೇಲಿನ ಹೊದಿಕೆಗೆ ಬಂದಿದೆ. ಅದನ್ನು ವಿವರಿಸಲು ಕಲಾವಿದೆ ಒಂದು ಅಕ್ಷರವನ್ನೂ ಬರೆದಿಲ್ಲ.

ಎರಡನೆಯದು, 2011ರದು, ಅಲ್ಜೀರಿಯಾ ಮೂಲದ ರಶೀದ್ ಕೊರೈಶಿ ಅವರಿಗೆ ಹೋಯಿತು. ರೂಮಿ, ಇಬ್ನ್ ಅರಬಿ ಸೇರಿದಂತೆ ಹದಿನಾಲ್ಕು ಸೂಫಿಗಳನ್ನು ಕುರಿತ ಅವರ ಬಟ್ಟೆಯ ಪಟಗಳಲ್ಲಿ ಅರಬ್ಬೀ ಅಕ್ಷರಗಳ ಜೊತೆ ಬೇರೆ ನಾಡುಗಳ ಚಿಹ್ನೆಗಳೂ ಕಲೆತಿವೆ. ಕೊರೈಶಿಯವರ ವಿಷಯದಲ್ಲಿ ಬಹುಮಾನದ ಆಚೆಯ ಸಂಗತಿಯೊಂದನ್ನು ಹೇಳದೆ ಮುಂದೆ ಹೋಗಲಾರೆ. ಮೆಡಿಟರೇನಿಯನ್ ಸಮುದ್ರ ದಾಟಲು ಹೋಗಿ ಮುಳುಗಿದ ವಲಸಿಗರ ಹೆಣಗಳು ಟುನೀಸಿಯಾದ ಜರ್ಜೀಸ್ ದಡಕ್ಕೆ ಬಂದು ಬೀಳುತ್ತಿದ್ದವು, ಹೂಳಲು ಜಾಗವಿರಲಿಲ್ಲ. ಅವರು ಅಲ್ಲಿ ನೆಲ ಕೊಂಡು ಒಂದು ಸ್ಮಶಾನ ಕಟ್ಟಿಸಿದರು. 2021ರಲ್ಲಿ ಅದು ತೆರೆಯಿತು. ಹೆಸರು ಆಫ್ರಿಕಾದ ತೋಟ. ಕೈಯಿಂದ ಬಣ್ಣ ಹಾಕಿದ ಹೆಂಚುಗಳನ್ನು ದಾರಿಗೆ ಹಾಸಿ, ಗಿಡಗಳನ್ನು ನೆಟ್ಟು, ಯಾವ ಧರ್ಮದ ಹೆಣವಾದರೂ ಮರ್ಯಾದೆಯಿಂದ ಮಲಗಲು ಮಾಡಿದ ತಾಣ. ಇಸ್ಲಾಮೀ ತೋಟಗಳ ಪರಂಪರೆ ಅಂದರೆ ಅರಮನೆಯ ಕಾರಂಜಿ ಎಂದುಕೊಂಡವರು ಇದನ್ನು ಸೇರಿಸಿಕೊಂಡು ಯೋಚಿಸಬೇಕು.

2013ರಲ್ಲಿ ತುರ್ಕಿಯ ಸೋದರಿಯರಾದ ಎಜೆ ಮತ್ತು ಐಶೆ ಎಗೆ ಗೆದ್ದರು, ಇಸ್ತಾಂಬುಲ್‌ನ ಕಟ್ಟಡಗಳನ್ನು ಮಡಿಕೆ ಮಡಿಕೆಯಾಗಿ ನೆನಪಿಸುವ ಉಡುಪುಗಳಿಗೆ. ನಾಲ್ಕನೆಯ ಪ್ರದರ್ಶನ 2016ರಲ್ಲಿ ಲಂಡನ್ ಬಿಟ್ಟು ಇಸ್ತಾಂಬುಲ್‌ನ ಪೆರಾ ಮ್ಯೂಸಿಯಂನಲ್ಲಿ ನಡೆಯಿತು. ಆಗ ಗೆದ್ದವರು ಪಾಕಿಸ್ತಾನದ ಗುಲಾಂ ಮೊಹಮ್ಮದ್. ಬಲೂಚಿಸ್ತಾನದಲ್ಲಿ ಬೆಳೆದ ಅವರಿಗೆ ಉರ್ದು ಆಮೇಲೆ ಕಲಿತ ಭಾಷೆ. ಹಳೆಯ ಉರ್ದು ಪುಸ್ತಕಗಳಿಂದ ಅಕ್ಷರಗಳನ್ನು ಬ್ಲೇಡಿನಲ್ಲಿ ಬಿಡಿಸಿ, ಮಿನಿಯೇಚರ್ ಚಿತ್ರಕಾರರು ಬಳಸುವ ವಸ್ಲಿ ಕಾಗದದ ಮೇಲೆ ಒತ್ತೊತ್ತಾಗಿ ಅಂಟಿಸುತ್ತಾರೆ. ಅಕ್ಷರಗಳೆಲ್ಲ ಇವೆ, ಓದಲು ಒಂದು ಸಾಲೂ ಸಿಗುವುದಿಲ್ಲ. ಮನೆಮಾತನ್ನು ಹೊರಗಿಟ್ಟು ಶಾಲೆಗೆ ಹೋದ ನಮ್ಮ ಗಡಿನಾಡಿನ ಮಕ್ಕಳಿಗೆ ಈ ಕೃತಿಯ ಮುಂದೆ ನಿಂತರೆ ವಿವರಣೆ ಬೇಕಾಗದು.

2018ರ ಬಹುಮಾನವನ್ನು ಇಬ್ಬರಿಗೆ ಹಂಚಿದರು. ಒಬ್ಬರು ಇರಾಕಿನಲ್ಲಿ ಹುಟ್ಟಿ ಫ್ರಾನ್ಸಿನ ಆರ್ಲ್‌ನಲ್ಲಿ ನೆಲೆಸಿದ ಮೆಹದಿ ಮುತಶರ್. ಚೌಕ, ಗೆರೆ, ಕೋನ ಇಷ್ಟರಲ್ಲೇ ಕೆಲಸ ಮುಗಿಸುವವರು. ಇನ್ನೊಬ್ಬರು ಬಾಂಗ್ಲಾದೇಶದ ವಾಸ್ತುಶಿಲ್ಪಿ ಮರೀನಾ ತಬಸ್ಸುಮ್, ಢಾಕಾದ ಬೈತುರ್ ರೌಫ್ ಮಸೀದಿಗಾಗಿ. ಈ ಮಸೀದಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ತಬಸ್ಸುಮ್ ಅವರ ಅಜ್ಜಿ ತಮ್ಮ ಜಮೀನಿನ ಒಂದು ತುಂಡನ್ನು ಮಸೀದಿಗೆಂದು ಕೊಟ್ಟು, ಕಟ್ಟುವ ಹೊಣೆಯನ್ನು ಮೊಮ್ಮಗಳಿಗೆ ಒಪ್ಪಿಸಿದರು. ಕಟ್ಟಡ ಮುಗಿಯುವ ಮುಂಚೆ ಅಜ್ಜಿ ತೀರಿಕೊಂಡರು. ದುಡ್ಡು ಸಾಲದೆ ಕೆಲಸ ನಿಂತು ನಿಂತು ಸಾಗಿ 2012ರಲ್ಲಿ ಮುಗಿಯಿತು. ಗುಮ್ಮಟ ಇಲ್ಲ, ಮಿನಾರ್ ಇಲ್ಲ. ಬಂಗಾಳದ ಮಣ್ಣಿನ ಇಟ್ಟಿಗೆ, ಒಳಗೆ ಕಾಂಕ್ರೀಟು. ಹೊರಗೆ ಒಂದು ಚೌಕ, ಅದರೊಳಗೆ ದುಂಡನೆಯ ಗೋಡೆ, ಅದರೊಳಗೆ ಕಿಬ್ಲಾದ, ಅಂದರೆ ಮೆಕ್ಕಾದ ದಿಕ್ಕಿನ, ಕಡೆಗೆ ತುಸು ತಿರುಗಿ ನಿಂತ ಇನ್ನೊಂದು ಚೌಕ. ಇವುಗಳ ನಡುವೆ ಉಳಿದ ಸಂದುಗಳು ಆಕಾಶಕ್ಕೆ ತೆರೆದಿವೆ. ಪ್ರಾರ್ಥನೆಯ ಹಜಾರದ ಮಾಳಿಗೆಯಲ್ಲಿ ಅಲ್ಲಲ್ಲಿ ಸಣ್ಣ ದುಂಡು ಕಿಂಡಿಗಳು, ಹಗಲು ಅವುಗಳಿಂದ ಬೆಳಕಿನ ನಾಣ್ಯಗಳು ನೆಲಕ್ಕೆ ಬೀಳುತ್ತವೆ. ಜಾಲಿಯಂತೆ ಬಿಡಿಸಿ ಕಟ್ಟಿದ ಇಟ್ಟಿಗೆಯ ಗೋಡೆಯಿಂದ ಗಾಳಿ ಬರುತ್ತದೆ, ಫ್ಯಾನಿನ ಹಂಗು ಕಡಿಮೆ. ನಮಾಜು ಇಲ್ಲದ ಹೊತ್ತಿನಲ್ಲಿ ಓಣಿಯ ಮಕ್ಕಳು ಅಲ್ಲಿ ಆಡುತ್ತಾರೆ. ಗುಮ್ಮಟವಿಲ್ಲದ ಮಸೀದಿಯನ್ನು ಪರಂಪರೆಯ ಹೆಸರಿನಲ್ಲಿ ಗೌರವಿಸಿದ ತೀರ್ಪುಗಾರರು, ಪರಂಪರೆ ಎಂದರೆ ಆಕಾರದ ನಕಲಲ್ಲ ಎಂದು ಕೆಲಸದಲ್ಲಿ ತೋರಿಸಿದರು. ಗುಮ್ಮಟ ಬರುವುದಕ್ಕೆ ಎಷ್ಟೋ ಮೊದಲು ಮಸೀದಿ ಇತ್ತು, ಅಂಗಳವಾಗಿ, ನೆರಳಾಗಿ. ತಬಸ್ಸುಮ್ ಹೋದದ್ದು ಅಲ್ಲಿಗೆ.

2021ರಲ್ಲಿ ಗೆದ್ದ ಸೌದಿ ಅರೇಬಿಯಾದ ಅಜ್ಲಾನ್ ಘಾರೆಮ್ ಕಸುಬಿನಿಂದ ಗಣಿತದ ಮೇಷ್ಟ್ರು. ಅವರು ರಿಯಾದಿನ ಹೊರಗೆ ಮರಳುಗಾಡಿನಲ್ಲಿ ಇಡೀ ಮಸೀದಿಯನ್ನು ತಂತಿಬಲೆಯಿಂದ ಕಟ್ಟಿದರು, ಗುಮ್ಮಟ ಮಿನಾರ್ ಸಮೇತ. ಗಡಿಗಳಲ್ಲಿ, ನಿರಾಶ್ರಿತರನ್ನು ಕೂಡಿಹಾಕುವ ಶಿಬಿರಗಳಲ್ಲಿ ಕಾಣುವಂಥ ತಂತಿ ಅದು. ಪಂಜರವೂ ಹೌದು, ಒಳಹೊರಗು ಒಂದಾದ ಗುಡಿಯೂ ಹೌದು. ಅದೇ ವರ್ಷದ ಪಟ್ಟಿಯಲ್ಲಿ ಬ್ರಿಟನ್ನಿನ ಸೋಫಿಯಾ ಕರೀಮ್ ಅವರ ಸಮೋಸಾ ಪೊಟ್ಟಣಗಳಿದ್ದವು. ದೆಹಲಿಯ ಶಾಹೀನ್ ಬಾಗ್ ಧರಣಿಯ ಕಾಲದಲ್ಲಿ ಹಲವು ಕಲಾವಿದರ ಚಿತ್ರಗಳನ್ನು ಅಚ್ಚು ಹಾಕಿದ ಕಾಗದದ ಪೊಟ್ಟಣಗಳು ಅವು.

ಈಗ ಈ ಬಹುಮಾನದ ಮೇಲೆ ಬರುವ ಆಕ್ಷೇಪಗಳನ್ನೂ ಎದುರಿಸಬೇಕು. ಹಣ ಅಬ್ದುಲ್ ಲತೀಫ್ ಜಮೀಲ್ ಮನೆತನದ್ದು. 1945ರಲ್ಲಿ ಜಿದ್ದಾದಲ್ಲಿ ಶುರುವಾಗಿ, 1955ರಿಂದ ಟೊಯೋಟಾ ಗಾಡಿಗಳ ಮಾರಾಟದಿಂದ ಬೆಳೆದ ಸಂಸ್ಥೆ. ತೀರ್ಪು ಆಗುವುದು ಹೆಚ್ಚಾಗಿ ಲಂಡನ್ನಿನಲ್ಲಿ. ಸೌದಿಯ ಹಣ, ಇಂಗ್ಲೆಂಡಿನ ಮೊಹರು, ನಡುವೆ ಅಲ್ಜೀರಿಯಾ, ಇರಾನ್, ಬಂಗಾಳಗಳನ್ನೆಲ್ಲ ‘ಇಸ್ಲಾಮೀ’ ಎಂಬ ಒಂದೇ ಸೂರಿನಡಿ ತಂದು ನಿಲ್ಲಿಸುವುದು ಸರಿಯೇ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಬಲ್ಖಿನ ಸೂಫಿ ರೂಮಿಯನ್ನೂ ಢಾಕಾದ ಇಟ್ಟಿಗೆಯನ್ನೂ ಕೂಡಿಸುವ ದಾರ ಕೆಲವೊಮ್ಮೆ ಬಹಳ ತೆಳ್ಳಗಿರುತ್ತದೆ. ಮೊದಲ ವರ್ಷಗಳ ಪಟ್ಟಿಗಳಲ್ಲಿ ಅಕ್ಷರ, ಜ್ಯಾಮಿತಿ, ಮಿನಿಯೇಚರ್ ಈ ಮೂರರ ಭಾರ ಹೆಚ್ಚಾಗಿತ್ತು ಎಂಬುದೂ ನಿಜ. ಕೊಳ್ಳುವವರು ಗೋಡೆಗೆ ಹಾಕಲು ಬಯಸುವುದು ಇದನ್ನೇ. ಕಲಬುರಗಿಯ ಆ ಹುಡುಗನ ದಣಿವಿಗೆ ಕಾರಣವೂ ಇದೇ. ನಿನ್ನ ಹೆಸರಿಗೆ ತಕ್ಕ ಚಿತ್ರ ಬರೆ ಎಂದು ಸಂತೆ ಹೇಳುತ್ತದೆ.

ಆದರೆ ಪಟ್ಟಿ ಬದಲಾಗುತ್ತ ಬಂದ ಬಗೆಯನ್ನು ನಾನು ಗೌರವದಿಂದ ಗಮನಿಸಿದ್ದೇನೆ. ಮೊದಲು ಎರಡು ವರ್ಷಕ್ಕೊಮ್ಮೆ ಇದ್ದದ್ದು ಮೂರು ವರ್ಷಕ್ಕೊಮ್ಮೆ ಆಯಿತು. 2021ರಲ್ಲಿ ವಿನ್ಯಾಸಕ್ಕೆ, 2024ರಲ್ಲಿ ಚಲಿಸುವ ಚಿತ್ರಕ್ಕೆ ಮೀಸಲಾಯಿತು. ಆಭರಣ, ಅಂಗಿ, ಮಸೀದಿ, ಪೊಟ್ಟಣ, ಸಿನಿಮಾ ಎಲ್ಲವೂ ಒಂದೇ ಹಜಾರದಲ್ಲಿ, ಒಂದೇ ಬಹುಮಾನಕ್ಕೆ. ಇದು ಇಸ್ಲಾಮೀ ಕಲೆಯ ಒಳಗಿನ ಸ್ವಭಾವಕ್ಕೂ ಹತ್ತಿರ. ಅಲ್ಲಿ ಚೌಕಟ್ಟಿನ ಚಿತ್ರಕ್ಕೆ ಮೇಲಿನ ಮಣೆ, ಹೆಂಚು ಹೂಜಿಗಳಿಗೆ ಕೆಳಗಿನ ಮಣೆ ಎಂಬ ಏರ್ಪಾಡು ಇರಲಿಲ್ಲ. ದೀಪ, ಬಟ್ಟಲು, ಕಂಬಳಿಗಳೇ ಆ ಕಲೆಯ ಹಿರಿಯ ಕೃತಿಗಳು.

ನಮ್ಮ ಬೀದರಿನ ಮಾತು ಇಲ್ಲಿ ಬರಬೇಕು. 1851ರ ಆ ಪ್ರದರ್ಶನಕ್ಕೆ ಭಾರತದಿಂದ ಹೋದ ಸಾಮಾನುಗಳಲ್ಲಿ ಬೆಳ್ಳಿ ಕೂರಿಸಿದ ಬಿದ್ರಿ ಲೋಹದ ಕೆಲಸವೂ ಇತ್ತು. ಆ ಮ್ಯೂಸಿಯಂನ ಬಿದ್ರಿ ಸಂಗ್ರಹ ಎಷ್ಟು ದೊಡ್ಡದೆಂದರೆ, 1985ರಲ್ಲಿ ಅದರ ಮೇಲೆಯೇ ಸೂಸನ್ ಸ್ಟ್ರಾಂಜ್ ಅವರ ಪುಸ್ತಕವೊಂದನ್ನು ಅಲ್ಲಿಂದ ಹೊರತಂದರು. ಇಷ್ಟಾಗಿ ಬಿದ್ರಿಯನ್ನು ಇಟ್ಟದ್ದು ದಕ್ಷಿಣ ಏಷ್ಯಾದ ವಿಭಾಗದಲ್ಲಿ, ಜಮೀಲ್ ಗ್ಯಾಲರಿ ಬೇರೆ. ಒಂದೇ ಹೂಜಿ ಒಂದು ಕೋಣೆಯಲ್ಲಿ ಭಾರತೀಯ, ಇನ್ನೊಂದು ಕೋಣೆಯಲ್ಲಿಟ್ಟರೆ ಇಸ್ಲಾಮೀ. ಹೂಜಿಗೆ ಇದರಿಂದ ತೊಂದರೆಯಿಲ್ಲ. ಮಾಡಿದವನಿಗೂ ಇರಲಿಲ್ಲ.

ಬೀದರಿನ ಚೌಬಾರಾ ಸುತ್ತಿನ ಓಣಿಗಳಲ್ಲಿ ಈ ಕೆಲಸವನ್ನು ಕೂತು ನೋಡಿದವರಿಗೆ ಅದರ ಸದ್ದು ಮೊದಲು ನೆನಪಾಗುತ್ತದೆ. ಸತುವಿಗೆ ತುಸು ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ಕಪ್ಪಾಗಿಸುತ್ತಾರೆ, ಗೀರಿದ ಗೆರೆ ಕಾಣಲೆಂದು. ಆ ಕಪ್ಪಿನ ಮೇಲೆ ಮೊನೆಯಿಂದ ಕೈಬೀಸಿನಲ್ಲೇ ಬಳ್ಳಿ ಬರೆಯುತ್ತಾರೆ. ಆಮೇಲೆ ಸಣ್ಣ ಉಳಿ. ಗೆರೆಗುಂಟ ಸಣ್ಣ ಕಾಲುವೆ ತೋಡಿ, ಅದರೊಳಗೆ ಬೆಳ್ಳಿಯ ತಂತಿಯನ್ನು ಹಾಸುತ್ತ ಬಡಿಯುತ್ತಾರೆ. ಮತ್ತೆ ಅರ ಹಿಡಿದಾಗ ಬೆಳ್ಳಿಯೂ ಸತುವೂ ಒಂದೇ ಬೂದುಬಣ್ಣವಾಗಿ, ಇಷ್ಟು ಹೊತ್ತಿನ ಕೆಲಸ ಕಣ್ಣಿಗೇ ಬೀಳುವುದಿಲ್ಲ. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ನೀರಿಗೆ ಹಾಕಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ಬಿಸಿಲು ಮಳೆ ತಾಕದ ಜಾಗದ ಮಣ್ಣೇ ಆಗಬೇಕು ಎನ್ನುತ್ತಾರೆ, ಮಣ್ಣನ್ನು ನಾಲಗೆಗೆ ಹಚ್ಚಿ ನೋಡಿ ಆರಿಸುವ ಹಿರಿಯರಿದ್ದಾರೆ. ತೊಳೆದಾಗ ಸತುವು ಕಾಡಿಗೆ ಕಪ್ಪು, ಬೆಳ್ಳಿ ಹಾಗೇ ಬೆಳ್ಳಗೆ. ಎಣ್ಣೆ ಒರೆಸಿದರೆ ಕಪ್ಪು ಇನ್ನೂ ಆಳವಾಗುತ್ತದೆ.

ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಬಹಳ ಸಂತೋಷ. ಆದರೆ ದಿನದಿನದ ವ್ಯವಸ್ಥೆ ನೋಡಿ. ಚಿತ್ರಕಾರನಿಗೆ ಲಲಿತಕಲಾ ಅಕಾಡೆಮಿ, ಬಿದ್ರಿ ಕಾರಿಗಾರನಿಗೆ ಕರಕುಶಲ ವಿಭಾಗ. ಕೇಂದ್ರದಲ್ಲಿ ಅದು ಬರುವುದು ಜವಳಿ ಸಚಿವಾಲಯದ ಕೆಳಗೆ. ಒಬ್ಬನ ಕೃತಿಗೆ ವಿಮರ್ಶೆ, ಇನ್ನೊಬ್ಬನ ಕೃತಿಗೆ ದರಪಟ್ಟಿ. ಮದುವೆ ಉಡುಗೊರೆ, ಸನ್ಮಾನದ ಸ್ಮರಣಿಕೆ ಎಂದು ಅದೇ ಹೂದಾನಿಯನ್ನು ಅದೇ ಅಳತೆಯಲ್ಲಿ ಕೇಳುತ್ತ ಹೋದರೆ ಆ ಕೈ ಹೊಸದನ್ನು ಯೋಚಿಸುವುದು ಯಾವಾಗ? ಕಸುಬುದಾರನನ್ನು ಕಲಾವಿದನಾಗಿ ಕಾಣುವ ಒಂದು ಹಜಾರ ನಮ್ಮಲ್ಲಿ ಇಲ್ಲ. ಜಮೀಲ್ ಬಹುಮಾನದಿಂದ ನಾವು ಕಲಿಯಬೇಕಾದದ್ದು ಇದನ್ನು, ಬೇರೆಲ್ಲವನ್ನೂ ಬಿಟ್ಟರೂ.

ಖಂದಕಾರ್ ಓಹಿದಾ ಅವರ ಚಿತ್ರದ ಬಗ್ಗೆ ಇನ್ನೂ ಹೇಳಿಲ್ಲ. ಹೂಗ್ಲಿ ಜಿಲ್ಲೆಯ ಕೇಲೆಪಾರಾ ಎಂಬ ಹಳ್ಳಿ. ಅಲ್ಲಿ ಅವರ ಚಿಕ್ಕಪ್ಪ ಖಂದಕಾರ್ ಸಲೀಂ ಸುಮಾರು ಐವತ್ತು ವರ್ಷಗಳಿಂದ ವಸ್ತುಗಳನ್ನು ಕೂಡಿಸುತ್ತ ಬಂದಿದ್ದಾರೆ. ಗಡಿಯಾರಗಳು, ಕಾಗದಪತ್ರಗಳು, ಅತ್ತರಿನ ಬಾಟಲಿಗಳು, ಬೇರೆಯವರು 'ಇದೇಕೆ' ಎನ್ನುವಂಥ ಸಾವಿರಾರು ಸಾಮಾನು, ಹಳೆಯ ಪೆಟ್ಟಿಗೆಗಳಲ್ಲಿ. ರಾಜರದ್ದಲ್ಲ, ನವಾಬರದ್ದಲ್ಲ. ಮಣ್ಣಿನ ಮನೆ, ಅದರ ಅಂಗಳ, ವಸ್ತುಗಳನ್ನು ಎತ್ತಿ ಎತ್ತಿ ತೋರಿಸುವ ಮುದುಕ. ಆ ಮನೆ ಈಗ ಇಲ್ಲ. ಚಿತ್ರದಲ್ಲಿ ಜ್ಯಾಮಿತಿ ಇಲ್ಲ, ಖುರಾನಿನ ಅಕ್ಷರದ ಅಲಂಕಾರವಿಲ್ಲ. ಹಾಗಾದರೆ ಇದರಲ್ಲಿ ಇಸ್ಲಾಮೀ ಪರಂಪರೆ ಎಲ್ಲಿ? ಬಂಗಾಳದ ಒಂದು ಮುಸ್ಲಿಂ ಮನೆ ತನ್ನ ಕಾಲವನ್ನು ಹೇಗೆ ಜೋಪಾನ ಮಾಡಿತು ಎಂಬುದರಲ್ಲಿದೆ. ಈ ದೇಶದ ಸಂಗ್ರಹಾಲಯಗಳಲ್ಲಿ ಮುಸ್ಲಿಂ ಬದುಕು ಕಾಣುವುದು ಹೆಚ್ಚಾಗಿ ಕತ್ತಿ, ಕಿರೀಟ, ಗೋರಿಗಳ ರೂಪದಲ್ಲಿ. ಹಳ್ಳಿಯ ಚಿಕ್ಕಪ್ಪನ ಪೆಟ್ಟಿಗೆಗೆ ಅಲ್ಲಿ ಜಾಗವಿರಲಿಲ್ಲ. ಅರ್ದಬೀಲಿನ ಕಂಬಳಿ ಇರುವ ಕಟ್ಟಡದಲ್ಲಿ ಆ ಜಾಗ ಸಿಕ್ಕಿತು. ಈ ಬಹುಮಾನದ ಹದಿನೈದು ವರ್ಷಗಳಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

2025ರ ಮೇ ತಿಂಗಳಲ್ಲಿ ಅದೇ ಲಂಡನ್ನಿನಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕನ್ನಡ ಕತೆಗಳಿಗೆ, ದೀಪಾ ಭಾಸ್ತಿಯವರ ಅನುವಾದಕ್ಕೆ, ಅಂತರರಾಷ್ಟ್ರೀಯ ಬುಕರ್ ಬಂತು. ಅದು ಜಮೀಲ್‌ನಂತೆ ಒಂದು ಪರಂಪರೆಗೆ ಮೀಸಲಾದ ಬಹುಮಾನವಲ್ಲ. ಆದರೂ ಅವರನ್ನು ಮುಸ್ಲಿಂ ಲೇಖಕಿ ಎಂದು ಕರೆಯಬೇಕೆ, ಕನ್ನಡದ ಲೇಖಕಿ ಎನ್ನಬೇಕೆ ಎಂದು ನಮ್ಮಲ್ಲಿ ಎಳೆದಾಟ ಆಯಿತು. ಎರಡೂ ಆಗಿರಲು ಅವರಿಗೆ ಯಾವ ತೊಡಕೂ ಇರಲಿಲ್ಲ, ಕತೆಗಳನ್ನು ಓದಿದವರಿಗೆ ಇದು ಗೊತ್ತು. ಓಹಿದಾ ಅವರ ಚಿಕ್ಕಪ್ಪನ ಮನೆಯ ಹಾಗೆ ಆ ಕತೆಗಳ ಮನೆಗಳೂ ಒಳಗಿನವರು ತೆರೆದು ತೋರಿಸಿದ ಮನೆಗಳು.

ಈ ಉಪನ್ಯಾಸದ ದತ್ತಿಯನ್ನಿಟ್ಟ ಮನೆತನದವರು, ಬಡ್ಡಿಯ ಹಣದಲ್ಲಿ ಉಪನ್ಯಾಸದ ಜೊತೆ ಬೇರೆ ಏನಾದರೂ ಮಾಡಬಹುದೇ ಎಂದು ನನ್ನನ್ನು ಕೇಳಿದ್ದರು. ನನ್ನದೊಂದು ಸಲಹೆ ಇದೆ. ಬಿದ್ರಿಯ ಪರಂಪರೆಯಿಂದ ಏನನ್ನಾದರೂ ಪಡೆದ ಹೊಸ ಕೃತಿಗೆ ಮೂರು ವರ್ಷಕ್ಕೊಮ್ಮೆ ಒಂದು ಬಹುಮಾನವನ್ನು ಇಡಿ. ಮೊತ್ತ ಚಿಕ್ಕದಾದರೂ ಸರಿ. ಕೃತಿ ಲೋಹದ್ದೇ ಆಗಬೇಕಿಲ್ಲ. ಬಟ್ಟೆಯಾಗಲಿ, ಸಿನಿಮಾ ಆಗಲಿ, ಆ ಹುಡುಗನ ಲ್ಯಾಂಡ್‌ಸ್ಕೇಪೇ ಆಗಲಿ. ಅರ್ಜಿಯಲ್ಲಿ ಜಾತಿ, ಧರ್ಮದ ಕಾಲಂ ಬೇಡ. ಬದಲಿಗೆ ಯಾರ ಹತ್ತಿರ ಕಲಿತಿರಿ ಎಂದು ಕೇಳಿ. ಕೃತಿಯ ಕೆಳಗಿನ ಚೀಟಿಯಲ್ಲಿ ಎರಕ ಹೊಯ್ದವರು, ಗೆರೆ ಬರೆದವರು, ಉಳಿ ಹಿಡಿದವರು, ಬೆಳ್ಳಿ ಕೂರಿಸಿದವರು ಎಲ್ಲರ ಹೆಸರೂ ಇರಲಿ, ಕಾಶಾನಿನ ಮಕ್ಸೂದನ ಹೆಸರು ಇದ್ದಂತೆ. ಹಣವೂ ಅವರೆಲ್ಲರಿಗೆ ಹಂಚಿಕೆಯಾಗಲಿ. ಪ್ರದರ್ಶನ ಮೊದಲು ಬೀದರಿನಲ್ಲೇ ನಡೆಯಲಿ, ಕಾರಿಗಾರರು ಕೆಲಸ ಮುಗಿಸಿ ಮನೆಯವರೊಂದಿಗೆ ಬರಬಹುದಾದ ಸಂಜೆಯ ಹೊತ್ತಿನಲ್ಲಿ, ಟಿಕೆಟ್ ಇಲ್ಲದೆ. ಬೆಂಗಳೂರಿಗೆ ಆಮೇಲೆ ಬರಲಿ. ಅರ್ಜಿ ನಮೂನೆ ಕನ್ನಡದಲ್ಲೂ ಉರ್ದುವಿನಲ್ಲೂ ಇರಲಿ. ಬರೆದು ಅಭ್ಯಾಸವಿಲ್ಲದವರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳಲು ಚೌಬಾರಾ ಹತ್ತಿರ ಒಂದು ಅಂಗಡಿಯಲ್ಲಿ ಯಾರನ್ನಾದರೂ ಕೂರಿಸಿ. ಆ ಕೆಲಸಕ್ಕೆ ಬೇಕಾದರೆ ನಾನೂ ಬಂದು ಕೂರುತ್ತೇನೆ.